ಹೊಲದಲ್ಲಿ ಮೂರು ಹಳದಿ ಪಟ್ಟಿ

ಸರ್ವೇಯಿಂಗ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂದರೆ ಮನೆಯಲ್ಲಿ ಏನೇನು ಅನಾಹುತ ಆಗಬಹುದು ಅನ್ನೋದಕ್ಕೆ ಈ ಲೇಖನ ಒಂದು ಉದಾಹರಣೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಸಣ್ಣ ಊರು. ಊರ ಹೊರಗೆ ಎರಡು ಎಕರೆ ಇಳಿಜಾರು ಹೊಲ ಇದೆ. ಮೇಲ್ಗಡೆ ಕೆಂಪು ಮಸಾರಿ, ಕೆಳಗೆ ಹಳ್ಳದ ಕಡೆ ಹೋದ ಹಾಗೆ ಕಪ್ಪು ಎರೆ. ಪ್ರತಿ ಮಳೆಗಾಲದಲ್ಲೂ ಮೇಲಿನ ಮಣ್ಣು ಒಂದಿಷ್ಟು ಕೊಚ್ಚಿಕೊಂಡು ಹಳ್ಳ ಸೇರುತ್ತಿತ್ತು. ನಾಲ್ಕನೇ ಸೆಮಿಸ್ಟರ್ ಮುಗಿಸಿ ರಜೆಗೆ ಹೋದಾಗ, ಪರಿಚಯದ ಕಂಟ್ರಾಕ್ಟರ್ ಒಬ್ಬರ ಹತ್ತಿರ ಡಂಪಿ ಲೆವೆಲ್ ಕೇಳಿ ತಂದು ಇಡೀ ಹೊಲದ ಲೆವೆಲ್ ತೆಗೆದೆ. ನೂರು ಮೀಟರ್ ಉದ್ದಕ್ಕೆ ಮೂರು ಮೀಟರ್ ಇಳಿತ, ಅಂದರೆ ಶೇ. 3 ಇಳಿಜಾರು. ಹೊಲವನ್ನು ಮೂರು ಸಮತಟ್ಟು ಮೆಟ್ಟಿಲು ಮಾಡಿದರೆ ನೀರು ಓಡುವುದಿಲ್ಲ, ಮಣ್ಣೂ ಹೋಗುವುದಿಲ್ಲ ಅಂತ ಅಪ್ಪನಿಗೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದೆ. ಪ್ರತಿ ಮೆಟ್ಟಿಲಿನ ಮೇಲಂಚಿನಲ್ಲಿ ಅರ್ಧ ಮೀಟರ್ ಅಗೆತ, ಕೆಳ ಅಂಚಿನಲ್ಲಿ ಅರ್ಧ ಮೀಟರ್ ತುಂಬಣಿ. ಮೂರೂ ಮೆಟ್ಟಿಲಿಂದ ಅಗೆಯುವುದು ಸುಮಾರು ಸಾವಿರ ಘನ ಮೀಟರ್, ತುಂಬುವುದೂ ಅಷ್ಟೇ. ಹೊರಗಿಂದ ಒಂದು ಬುಟ್ಟಿ ಮಣ್ಣು ತರೋದು ಬೇಡ, ಒಂದು ಬುಟ್ಟಿ ಹೊರಗೆ ಹಾಕೋದೂ ಬೇಡ. ಲೆಕ್ಕ ಅಷ್ಟು ಚೆನ್ನಾಗಿ ಕೂತಿತ್ತು.

ಜೆಸಿಬಿ ಬಂದ ದಿನ ಅಜ್ಜ ಒಡ್ಡಿನ ಮೇಲೆ ಕೂತು ನೋಡುತ್ತಿದ್ದ. "ತಮ್ಮಾ, ಮ್ಯಾಲಿನ ಮಣ್ಣ ಮೊದಲ ಬಳದು ಒಂದ ಕಡೆ ಗುಂಪಿ ಹಾಕ್ರಿ. ಆಮ್ಯಾಲೆ ಏನ ಬೇಕಾದ್ರೂ ಮಾಡ್ರಿ" ಅಂದ. ಗಂಟೆ ಲೆಕ್ಕದ ಮಶೀನು. ಒಂದೇ ಮಣ್ಣನ್ನು ಎರಡು ಸಲ ಎತ್ತಿದರೆ ಬಾಡಿಗೆ ಹೆಚ್ಚು. "ಅಜ್ಜಾ, ಎಲ್ಲಾ ಇದ ಹೊಲದ ಮಣ್ಣ ಅಲ್ಲೇನು? ಎಲ್ಲಿದ್ರೇನು?" ಅಂದೆ. ಅಜ್ಜ ಸುಮ್ಮನಾದ.

ಜೂನ್‌ನಲ್ಲಿ ಗೋವಿನಜೋಳ ಬಿತ್ತಿದೆವು. ಆಗಸ್ಟ್‌ನಲ್ಲಿ ಊರಿಗೆ ಹೋದಾಗ ದೂರದಿಂದಲೇ ಕಂಡಿತು: ಹೊಲದಲ್ಲಿ ಅಡ್ಡಡ್ಡ ಹಳದಿ ಪಟ್ಟಿಗಳು. ಪ್ರತಿ ಮೆಟ್ಟಿಲಿನ ಕೆಳಗಿನ ಅರ್ಧದಲ್ಲಿ ಬೆಳೆ ಎದೆಮಟ್ಟ, ಮೇಲಿನ ಅರ್ಧದಲ್ಲಿ ಮೊಣಕಾಲು ಮಟ್ಟ. ಅಲ್ಲಿ ಎಲೆ ಹಳದಿ, ಕೆಲವದರ ಅಂಚು ನೇರಳೆ. ಅದರಲ್ಲೂ ಮೊದಲನೇ ಮೆಟ್ಟಿಲು ತೀರಾ ಕೆಟ್ಟಿತ್ತು. ಕಡೆಯ, ಎರೆ ಭಾಗದ ಮೆಟ್ಟಿಲಿನಲ್ಲಿ ಹಳದಿ ಸ್ವಲ್ಪ ತಿಳಿಯಾಗಿತ್ತು.

ಒಂದೇ ಹೊಲ, ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಮಳೆ. ಮತ್ತೆ ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಮೂರು ವಿಷಯ ಸಿಕ್ಕವು: ಮಣ್ಣಿನ ಕಣ, ನೆಲದ ಇಳಿಜಾರು, ಮಣ್ಣೊಳಗಿನ ಜೀವಿಗಳು. ಈ ಮೂರನ್ನೂ ನಮ್ಮ ಹೊಲದ ಆ ಪಟ್ಟಿಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲನೆಯದು: ಕಣದ ಗಾತ್ರ

ಜಿಯೋಟೆಕ್ ಓದಿದವರಿಗೆ ಇದು ಗೊತ್ತು. ಐಎಸ್ 1498 ಪ್ರಕಾರ 4.75 ಮಿ.ಮೀ.ನಿಂದ 0.075 ಮಿ.ಮೀ.ವರೆಗೆ ಮರಳು, ಅಲ್ಲಿಂದ 0.002 ಮಿ.ಮೀ.ವರೆಗೆ ಸಿಲ್ಟ್, ಅದಕ್ಕಿಂತ ಸಣ್ಣದು ಜೇಡಿ. ಕೃಷಿ ವಿಜ್ಞಾನಿಗಳ ಗೆರೆ ಬೇರೆ. ಅಮೆರಿಕದ ಕೃಷಿ ಇಲಾಖೆಯ ವರ್ಗೀಕರಣದಲ್ಲಿ ಮರಳು 2 ಮಿ.ಮೀ.ನಿಂದ 0.05 ಮಿ.ಮೀ. ತನಕ. ಆದರೆ ಜೇಡಿಯ ಗೆರೆ ಇಬ್ಬರಿಗೂ ಒಂದೇ, 0.002 ಮಿ.ಮೀ.

ಜೇಡಿ ಯಾಕೆ ಅಷ್ಟು ಮುಖ್ಯ? ಒಂದು ಸಣ್ಣ ಲೆಕ್ಕ ಮಾಡಿ. ಒಂದು ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನು 1 ಮಿ.ಮೀ. ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂ.ಮೀ. 0.002 ಮಿ.ಮೀ. ಘನಗಳಾಗಿ ಕತ್ತರಿಸಿದರೆ 30,000 ಚದರ ಸೆಂ.ಮೀ., ಅಂದರೆ 3 ಚದರ ಮೀಟರ್. ನೀರು ಅಂಟಿಕೊಳ್ಳುವುದು ಈ ಮೇಲ್ಮೈಗೆ. ಪೊಟ್ಯಾಶಿಯಂ, ಕ್ಯಾಲ್ಶಿಯಂ ಅಯಾನುಗಳು ಕೂರುವುದೂ ಇದರ ಮೇಲೇ. ಮರಳಿನಲ್ಲಿ ಹಾಕಿದ ಗೊಬ್ಬರ ನೀರಿನ ಜೊತೆ ಬಸಿದು ಹೋಗುತ್ತೆ, ಜೇಡಿಯಲ್ಲಿ ಉಳಿಯುತ್ತೆ. ಒಂದು ಮೀಟರ್ ಆಳದ ಮರಳು ಮಣ್ಣು ಗಿಡಕ್ಕೆ ಸಿಗುವಂತೆ ಹಿಡಿದಿಡುವ ನೀರು ಹೆಚ್ಚೆಂದರೆ 100 ಮಿ.ಮೀ. ಆಸುಪಾಸು. ಅಷ್ಟೇ ಆಳದ ಜೇಡಿ ಮಣ್ಣು ಅದರ ಎರಡರಷ್ಟು ಹಿಡಿಯಬಲ್ಲದು.

ಹಾಗಂತ ಜೇಡಿ ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಅಲ್ಲ. ಜೇಡಿಯಲ್ಲೂ ಜಾತಿಗಳಿವೆ. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿ ಇರುವ ಕಯೋಲಿನೈಟ್ ನೀರು ಕುಡಿದು ಉಬ್ಬುವುದಿಲ್ಲ, ಪೋಷಕಾಂಶವನ್ನೂ ಜಾಸ್ತಿ ಹಿಡಿಯುವುದಿಲ್ಲ. ಎರೆ ಮಣ್ಣಿನ ಸ್ಮೆಕ್ಟೈಟ್ ಎರಡನ್ನೂ ಮಾಡುತ್ತೆ. ಅದಕ್ಕೇ ಎರೆ ಹೊಲ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತೆ, ಮಳೆ ಬಂದಾಗ ಉಬ್ಬಿ ಮುಚ್ಚಿಕೊಳ್ಳುತ್ತೆ. ನಮ್ಮ ಸಿವಿಲ್‌ನವರಿಗೆ ಇದು ತಲೆನೋವಿನ ಮಣ್ಣು: ಗೋಡೆ ಸೀಳುತ್ತೆ, ರಸ್ತೆ ಎಬ್ಬಿಸುತ್ತೆ. ಆದರೆ ಹಿಂಗಾರಿ ಜೋಳ, ಕಡಲೆ ಬೆಳೆಯುವ ರೈತ ನಂಬಿರುವುದು ಇದನ್ನೇ. ಮಳೆ ನಿಂತ ಮೇಲೂ ಒಳಗಿರುವ ತೇವದಲ್ಲೇ ಬೆಳೆ ಬರುತ್ತೆ. ಆದರೆ ಬಿತ್ತೋದಕ್ಕೆ ಹದ ಸಿಗುವುದು ಕೆಲವೇ ದಿನ. ಒದ್ದೆಯಾದರೆ ಕಾಲಿಗೆ ಮೆತ್ತುತ್ತೆ, ಒಣಗಿದರೆ ಕಲ್ಲು.

ಈಗ ನಮ್ಮ ಪಟ್ಟಿಗಳಿಗೆ ಬನ್ನಿ. ಮೊದಲನೇ ಮೆಟ್ಟಿಲಿನಲ್ಲಿ ಮಸಾರಿ ಮಣ್ಣು ಆಳ ಇರಲಿಲ್ಲ. ಅರ್ಧ ಮೀಟರ್ ಕೆತ್ತಿದ ಕೂಡಲೇ ಕೆಳಗಿನ ಗರಸು ಮೇಲೆ ಬಂತು. ಕಡೆಯ ಮೆಟ್ಟಿಲಿನಲ್ಲಿ ಎರೆ ಆಳವಾಗಿತ್ತು. ಅಷ್ಟೇ ಕೆತ್ತಿದರೂ ಕೆಳಗೆ ಸಿಕ್ಕಿದ್ದು ನೀರು ಹಿಡಿಯುವ ಎರೆಯೇ. ಅಲ್ಲಿನ ಹಳದಿ ತಿಳಿಯಾಗಿದ್ದಕ್ಕೆ ಕಾರಣ ಇದು. ಆದರೆ ಒಂದೇ ಹೊಲದಲ್ಲಿ ಮೇಲೆ ಮಸಾರಿ, ಕೆಳಗೆ ಎರೆ ಬಂದಿದ್ದು ಹೇಗೆ?

ಎರಡನೆಯದು: ಇಳಿಜಾರು

ಮಣ್ಣು ಅಂದರೆ ಕಲ್ಲಿನ ಪುಡಿ ಅಷ್ಟೇ ಅಂತ ತುಂಬಾ ಕಾಲ ನಂಬಿದ್ದರು. ಅದು ಹವಾಮಾನ, ಜೀವಿಗಳು, ನೆಲದ ಏರಿಳಿತ ಎಲ್ಲ ಸೇರಿ ಹುಟ್ಟಿದ್ದು ಅಂತ ತೋರಿಸಿದವನು ರಷ್ಯಾದ ದೊಕುಚಾಯೆವ್. ಅಲ್ಲಿನ ಕಪ್ಪು ಮಣ್ಣಿನ ಬಗ್ಗೆ ಅವನ ಪುಸ್ತಕ ಬಂದಿದ್ದು 1883ರಲ್ಲಿ. 1941ರಲ್ಲಿ ಹಾನ್ಸ್ ಯೆನ್ನಿ ಇದನ್ನು ಸಮೀಕರಣದ ರೂಪಕ್ಕೆ ತಂದ: ಹವಾಮಾನ, ಜೀವಿಗಳು, ಭೂರೂಪ, ಮೂಲಶಿಲೆ, ಕಾಲ, ಈ ಐದರ ಫಂಕ್ಷನ್ನೇ ಮಣ್ಣು. ಅದಕ್ಕೂ ಮೊದಲು 1935ರಲ್ಲಿ ಜೆಫ್ರಿ ಮಿಲ್ನ್ ಪೂರ್ವ ಆಫ್ರಿಕಾದ ಗುಡ್ಡಗಳಲ್ಲಿ ಒಂದು ವಿಷಯ ಗಮನಿಸಿದ್ದ. ಗುಡ್ಡದ ತಲೆಯಿಂದ ಬುಡದವರೆಗೆ ಮಣ್ಣು ಒಂದು ಕ್ರಮದಲ್ಲಿ ಬದಲಾಗುತ್ತೆ. ಸರಪಳಿಯ ಕೊಂಡಿಗಳ ಹಾಗೆ ಒಂದಕ್ಕೊಂದು ಸೇರಿಕೊಂಡಿರುತ್ತೆ. ಆ ಕ್ರಮಕ್ಕೆ ಅವನು ಕೊಟ್ಟ ಹೆಸರು ಕೆಟೀನ, ಲ್ಯಾಟಿನ್‌ನಲ್ಲಿ ಸರಪಳಿ ಅಂತ ಅರ್ಥ.

ನಮ್ಮ ಹೊಲವೂ ಅಂಥದೇ ಒಂದು ಪುಟ್ಟ ಸರಪಳಿ. ಮೇಲ್ಭಾಗದಲ್ಲಿ ನೀರು ನಿಲ್ಲುವುದಿಲ್ಲ. ಬಸಿದು ಹೋಗುವ ನೀರು ಕ್ಯಾಲ್ಶಿಯಂ, ಮೆಗ್ನೀಶಿಯಂ, ಸಿಲಿಕಾಗಳನ್ನು ಕರಗಿಸಿ ತೆಗೆದುಕೊಂಡು ಹೋಗುತ್ತೆ. ಉಳಿಯುವುದು ಕಯೋಲಿನೈಟ್ ಮತ್ತು ಕಬ್ಬಿಣದ ಆಕ್ಸೈಡು. ಕೆಂಪು ಬಣ್ಣ ಅದರದ್ದು. ಕರಗಿ ಹೋದದ್ದೆಲ್ಲ ತಗ್ಗಿನಲ್ಲಿ ಸೇರಿ, ನೀರು ನಿಧಾನಕ್ಕೆ ಬಸಿಯುವ ಆ ಜಾಗದಲ್ಲಿ ಸ್ಮೆಕ್ಟೈಟ್ ಜೇಡಿ ಹುಟ್ಟುತ್ತೆ. ಮೇಲೆ ಕೆಂಪು, ಕೆಳಗೆ ಕಪ್ಪು. ಬಯಲುಸೀಮೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಇದು ಕಾಣುತ್ತೆ: ದಿಣ್ಣೆ ಏರುವಾಗ ಕೆಂಪು, ಹಳ್ಳ ದಾಟುವಾಗ ಕಪ್ಪು.

ಇದು ಸಾವಿರಾರು ವರ್ಷದ ಕೆಲಸ. ಪ್ರತಿ ಮಳೆಗಾಲದಲ್ಲಿ ಆಗುವ ಕೆಲಸ ಬೇರೆ, ಅದು ಸವಕಳಿ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತೆ. ಬರಿಮಣ್ಣಾಗಿದ್ದರೆ ಕಣಗಳು ಸಿಡಿದು ಬಿಡಿಬಿಡಿ ಆಗುತ್ತವೆ, ಹರಿಯುವ ನೀರು ಅವನ್ನು ಹೊತ್ತುಕೊಂಡು ಹೋಗುತ್ತೆ. ವಿಶ್ಮೈಯರ್ ಮತ್ತು ಸ್ಮಿತ್ ಅವರ ಸವಕಳಿ ಸಮೀಕರಣವನ್ನು ಕೆಲವರು ಓದಿರಬಹುದು. ಅದರ ಇಳಿಜಾರಿನ ಅಂಶವನ್ನು ಲೆಕ್ಕ ಹಾಕಿದರೆ ಶೇ. 3ಕ್ಕೆ 0.26, ಶೇ. 6ಕ್ಕೆ 0.57 ಬರುತ್ತೆ. ಇಳಿಜಾರು ಎರಡರಷ್ಟಾದರೆ ಸವಕಳಿ ಎರಡಕ್ಕಿಂತಲೂ ಹೆಚ್ಚು ಪಟ್ಟು. ಇಳಿಜಾರಿನ ಉದ್ದ ಹೆಚ್ಚಿದರೂ ನಷ್ಟ ಹೆಚ್ಚು. ಅದಕ್ಕೇ ನಡುನಡುವೆ ಒಡ್ಡು ಹಾಕಿ ಉದ್ದ ಕತ್ತರಿಸುವುದು.

ಕೊಚ್ಚಿ ಹೋಗುವುದು ಎಷ್ಟು ಅಂತ ಕಣ್ಣಿಗೆ ಕಾಣುವುದಿಲ್ಲ. ಒಂದು ಎಕರೆಯಲ್ಲಿ ಬರೀ 1 ಮಿ.ಮೀ. ಮಣ್ಣು ಹೋದರೆ ಅದು ನಾಲ್ಕು ಘನ ಮೀಟರ್, ತೂಕದಲ್ಲಿ ಐದು ಟನ್‌ಗಿಂತ ಹೆಚ್ಚು. ಹೋಗುವುದೂ ಮೇಲಿನ ಪದರ, ಅದರಲ್ಲೂ ಸಣ್ಣ ಕಣ ಮತ್ತು ಸಾವಯವ ಅಂಶ ಮೊದಲು. ಅಂಥ ಒಂದು ಇಂಚು ಮತ್ತೆ ಹುಟ್ಟಲು ನೂರಾರು ವರ್ಷ ಬೇಕು.

ಹಾಗಾದರೆ ಸಮತಟ್ಟು ಮಾಡಬೇಕು ಅನ್ನುವ ನನ್ನ ಯೋಚನೆ ತಪ್ಪಾ? ಉದ್ದೇಶ ತಪ್ಪಲ್ಲ. ಆದರೆ ಶೇ. 6ರೊಳಗಿನ ಇಳಿಜಾರಿಗೆ ಸಾಮಾನ್ಯವಾಗಿ ಸಮಪಾತಳಿ ಒಡ್ಡು, ಅಡ್ಡ ಉಳುಮೆ ಸಾಕು. ಮೆಟ್ಟಿಲು ಕಡಿದಾದ ಗುಡ್ಡಕ್ಕೆ ಹೇಳಿದ ಔಷಧಿ. ನೆಗಡಿಗೆ ಆಪರೇಷನ್ ಮಾಡಿದ ಹಾಗಾಯ್ತು. ಮಾಡಿದ್ದಲ್ಲದೆ, ಎಂದೂ ಕೊಚ್ಚಿ ಹೋಗಬಾರದು ಅಂತ ಕಾಯಬೇಕಿದ್ದ ಮೇಲ್ಪದರವನ್ನು ನಾನೇ ಮಶೀನು ಹಚ್ಚಿ ಒಂದೇ ದಿನದಲ್ಲಿ ಎತ್ತಿ ಹಾಕಿದ್ದೆ.

ಮೂರನೆಯದು: ಜೀವಿಗಳು

ಆಗಸ್ಟ್‌ನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆವು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ ತಿಳಿಸುವ ವಿದ್ಯುತ್ ವಾಹಕತೆ, ಸಾವಯವ ಇಂಗಾಲ. ನಮ್ಮ ಕಾರ್ಡ್ ನೋಡಿದರೆ ಅಂಥ ದೊಡ್ಡ ಕಾಯಿಲೆ ಏನೂ ಕಾಣಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಮಾದರಿ ತೆಗೆಯುವಾಗ ಹೊಲದ ಹತ್ತಾರು ಕಡೆಯಿಂದ 15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಹಸಿರು ಪಟ್ಟಿ, ಹಳದಿ ಪಟ್ಟಿ ಎರಡೂ ಒಂದೇ ಚೀಲದಲ್ಲಿ ಸೇರಿ ಸರಾಸರಿ ಬಂದಿತ್ತು. ಒಂದೇ ಥರ ಇರುವ ಹೊಲಕ್ಕೆ ಆ ಕ್ರಮ ಸರಿ, ನಮ್ಮಂಥ ಹೊಲದಲ್ಲಿ ಪಟ್ಟಿಗೊಂದು ಮಾದರಿ ತೆಗೆಯಬೇಕಿತ್ತು. ಇನ್ನೊಂದು ಮಾತು: ಆ ಹನ್ನೆರಡರಲ್ಲಿ ಕಣದ ಗಾತ್ರ ಇಲ್ಲ, ಇಳಿಜಾರು ಇಲ್ಲ. ಜೀವಿಗಳ ಸುಳಿವು ಸಿಗುವುದು ಸಾವಯವ ಇಂಗಾಲದಲ್ಲಿ ಮಾತ್ರ.

ಮೇಲ್ಪದರದ ಒಂದು ಚಮಚ ಒಳ್ಳೆ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು. ಶಿಲೀಂಧ್ರ, ನುಸಿ, ಗೆದ್ದಲು, ಎರೆಹುಳು ಬೇರೆ. ಆಳಕ್ಕೆ ಹೋದಂತೆ ಗಾಳಿ, ಆಹಾರ ಎರಡೂ ಕಡಿಮೆ, ಜೀವಿಗಳೂ ವಿರಳ. ಇವುಗಳ ಕೆಲಸ ಗೊಬ್ಬರ ಕೊಳೆಯಿಸುವುದು ಮಾತ್ರ ಅಂತ ನಾನು ತಿಳಿದಿದ್ದೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ: ಕಣಗಳನ್ನು ಜೋಡಿಸುವುದು. ಬ್ಯಾಕ್ಟೀರಿಯಾ ಸುರಿಸುವ ಅಂಟು ಮರಳು, ಸಿಲ್ಟ್, ಜೇಡಿ ಕಣಗಳನ್ನು ಸಣ್ಣ ಉಂಡೆ ಮಾಡುತ್ತೆ. ಶಿಲೀಂಧ್ರದ ಎಳೆಗಳು ಮತ್ತು ಬೇರುಗಳು ಆ ಉಂಡೆಗಳನ್ನು ದಾರದಲ್ಲಿ ಕಟ್ಟಿದ ಹಾಗೆ ಹಿಡಿಯುತ್ತವೆ. ಉಂಡೆಯ ಒಳಗಿನ ಸಣ್ಣ ರಂಧ್ರದಲ್ಲಿ ನೀರು, ಉಂಡೆಗಳ ನಡುವಿನ ದೊಡ್ಡ ರಂಧ್ರದಲ್ಲಿ ಗಾಳಿ. ರೈತರು ಹದ ಬಂದ ಮಣ್ಣು ಅನ್ನುವುದು ಇಂಥ ಮಣ್ಣಿಗೆ. ಎರೆಹುಳುಗಳ ಬಗ್ಗೆ ಡಾರ್ವಿನ್ ಒಂದು ಪುಸ್ತಕವನ್ನೇ ಬರೆದ. 1881ರಲ್ಲಿ ಬಂದ ಆ ಪುಸ್ತಕದಲ್ಲಿ ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್‌ಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆ ಮೂಲಕ ಹಾದು ಮೇಲೆ ಬರುತ್ತೆ ಅಂತ ಲೆಕ್ಕ ಕೊಟ್ಟಿದ್ದಾನೆ.

ನೇರಳೆ ಅಂಚಿನ ಕಥೆಯೂ ಇಲ್ಲೇ ಇದೆ. ಎಳೆ ಗೋವಿನಜೋಳದ ಎಲೆಯಲ್ಲಿ ನೇರಳೆ ಬಣ್ಣ ಸಾಮಾನ್ಯವಾಗಿ ರಂಜಕದ ಕೊರತೆಯ ಗುರುತು. ರಂಜಕ ಮಣ್ಣಿನಲ್ಲಿ ಹೆಚ್ಚು ಚಲಿಸುವುದಿಲ್ಲ. ಕೆಂಪು ಮಣ್ಣಿನ ಕಬ್ಬಿಣ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಬೇರಿನ ಜೊತೆ ಬಾಳುವ ಮೈಕೊರೈಜಾ ಎಂಬ ಶಿಲೀಂಧ್ರ ತನ್ನ ಎಳೆಗಳನ್ನು ಬೇರು ಮುಟ್ಟದ ಕಡೆಗೂ ಚಾಚಿ ರಂಜಕ ತಂದುಕೊಡುತ್ತೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ಕೆತ್ತಿದ ಗರಸಿನಲ್ಲಿ ರಂಜಕವೂ ಕಡಿಮೆ, ತಂದುಕೊಡುವವರೂ ಇಲ್ಲ.

ಮಶೀನಿನ ತೂಕದಿಂದ ಇನ್ನೊಂದು ಹಾನಿ ಆಯಿತು. ಪ್ರಾಕ್ಟರ್ ಟೆಸ್ಟ್‌ನಲ್ಲಿ ನಾವು ಹುಡುಕುವುದು ಗರಿಷ್ಠ ಸಾಂದ್ರತೆ. ಬೇರಿಗೆ ಬೇಕಾಗಿರುವುದು ಅದರ ಉಲ್ಟಾ. ಸಾಂದ್ರತೆ 1.3 ಇದ್ದಾಗ ಮಣ್ಣಿನ ಅರ್ಧದಷ್ಟು ಖಾಲಿ ಜಾಗ. 1.7ಕ್ಕೆ ಏರಿದರೆ ಉಳಿಯುವುದು ಶೇ. 36. ಜೇಡಿ ಮಣ್ಣಿನಲ್ಲಿ 1.47, ಮರಳು ಮಣ್ಣಿನಲ್ಲಿ 1.80 ದಾಟಿದರೆ ಬೇರಿನ ಬೆಳವಣಿಗೆಗೆ ಅಡ್ಡಿ ಅಂತ ಅಮೆರಿಕದ ಕೃಷಿ ಇಲಾಖೆಯ ಮಾರ್ಗದರ್ಶಿ ಹೇಳುತ್ತೆ. ಒಂದೇ ಮಣ್ಣು, ರಸ್ತೆಗೆ ಪಾಸ್, ಬೆಳೆಗೆ ಫೇಲ್.

ಮೂರೂ ಸೇರುವ ಜಾಗ

ಈಗ ಲೆಕ್ಕ ಸ್ಪಷ್ಟ. ಕಣದ ಗಾತ್ರ ಸುಲಭಕ್ಕೆ ಬದಲಾಗುವುದಿಲ್ಲ, ಅದು ಹುಟ್ಟಿನಿಂದ ಬಂದಿದ್ದು. ಇಳಿಜಾರು ಆ ಕಣಗಳನ್ನು, ನೀರನ್ನು ಎಲ್ಲಿ ಎಷ್ಟು ಅಂತ ಹಂಚುತ್ತೆ. ಜೀವಿಗಳು ಹಂಚಿ ಬಂದದ್ದನ್ನು ಕಟ್ಟಿ ಗಿಡಕ್ಕೆ ಆಗುವ ಹಾಗೆ ಮಾಡುತ್ತವೆ. ಮೂರೂ ಒಟ್ಟಿಗೆ ಕೆಲಸ ಮಾಡಿದ ಗುರುತು ಇರುವುದು ಮೇಲಿನ ಒಂದು ಗೇಣು ಪದರದಲ್ಲಿ. ನಾನು ಮಣ್ಣನ್ನು ಘನ ಮೀಟರ್‌ನಲ್ಲಿ ಎಣಿಸಿದೆ, ಪದರದಲ್ಲಿ ಎಣಿಸಲಿಲ್ಲ. ಸಾವಿರ ಘನ ಮೀಟರ್ ಅಗೆದು ಸಾವಿರ ತುಂಬಿದೆ, ಲೆಕ್ಕ ಸರಿ ಹೋಯ್ತು. ಆದರೆ ಮೇಲಿನ ಗೇಣು ಮಣ್ಣು ತುಂಬಣಿಯ ತಳ ಸೇರಿತು, ತಳದ ಗರಸು ಬಿಸಿಲಿಗೆ ಬಂತು.

ತಮಾಷೆ ಅಂದರೆ, ಅಜ್ಜ ಹೇಳಿದ್ದು ನಮ್ಮ ಪುಸ್ತಕದಲ್ಲೂ ಇದೆ. ಹೆದ್ದಾರಿ ಕಾಮಗಾರಿಯ ಸ್ಪೆಸಿಫಿಕೇಶನ್‌ನಲ್ಲಿ ಮೇಲ್ಮಣ್ಣನ್ನು ಮೊದಲು ಬಳಿದು ಬೇರೆ ಗುಡ್ಡೆ ಹಾಕಿ, ಆಮೇಲೆ ಹುಲ್ಲು ಬೆಳೆಸುವ ಇಳಿಜಾರುಗಳಿಗೆ ಬಳಸಬೇಕು ಅಂತ ಸ್ಪಷ್ಟವಾಗಿದೆ. ಐದನೇ ಸೆಮಿಸ್ಟರ್‌ನಲ್ಲಿ ಅದನ್ನು ಓದುವಾಗ ಅಜ್ಜ ಒಡ್ಡಿನ ಮೇಲೆ ಕೂತಿದ್ದು ನೆನಪಾಯಿತು.

ನಿಮ್ಮ ಕೈಯಲ್ಲೇ ಎರಡು ಪರೀಕ್ಷೆ

ಹಾಸ್ಟೆಲ್ ರೂಮಿನಲ್ಲೇ ಮಾಡಬಹುದು. ಮೊದಲನೆಯದು ಬಾಟಲಿ ಪರೀಕ್ಷೆ. ಅಗಲ ಬಾಯಿಯ ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಾಡಿದ ಮಣ್ಣು, ಉಳಿದದ್ದು ನೀರು, ಚಿಟಿಕೆ ಪಾತ್ರೆ ತೊಳೆಯೋ ಸೋಪು ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ ಇಡಿ. ಸ್ಟೋಕ್ಸ್ ನಿಯಮದ ಪ್ರಕಾರ ಕಣ ಮುಳುಗುವ ವೇಗ ವ್ಯಾಸದ ವರ್ಗಕ್ಕೆ ಅನುಗುಣ. 0.05 ಮಿ.ಮೀ. ಕಣ 10 ಸೆಂ.ಮೀ. ಇಳಿಯಲು ಸುಮಾರು 45 ಸೆಕೆಂಡ್ ಬೇಕು, 0.002 ಮಿ.ಮೀ. ಕಣಕ್ಕೆ ಸುಮಾರು 8 ಗಂಟೆ. ಆದ್ದರಿಂದ ಮುಕ್ಕಾಲು ನಿಮಿಷಕ್ಕೆ ಒಂದು ಗೆರೆ, ಎಂಟು ಗಂಟೆಗೆ ಒಂದು ಗೆರೆ, ನೀರು ತಿಳಿಯಾದ ಮೇಲೆ ಒಂದು ಗೆರೆ ಹಾಕಿ. ಮರಳು, ಸಿಲ್ಟ್, ಜೇಡಿ ಪ್ರಮಾಣದ ಒಂದು ಅಂದಾಜು ಸಿಗುತ್ತೆ.

ಎರಡನೆಯದು ಹೆಂಟೆ ಪರೀಕ್ಷೆ. ಎರಡು ಜಾಗದ ಒಣ ಹೆಂಟೆಗಳನ್ನು ಎರಡು ಲೋಟ ನೀರಿನಲ್ಲಿ ಜಾಲರಿ ಮೇಲೆ ಇಡಿ. ನಾನು ಒಡ್ಡಿನ ಹುಲ್ಲು ಬೇರಿನ ಮಣ್ಣು ಒಂದು, ಹಳದಿ ಪಟ್ಟಿಯ ಮಣ್ಣು ಒಂದು ಇಟ್ಟೆ. ಒಡ್ಡಿನ ಹೆಂಟೆ ಹಾಗೇ ಕೂತಿತ್ತು. ಹಳದಿ ಪಟ್ಟಿಯದು ನೋಡನೋಡುತ್ತಲೇ ಕುಸಿದು ಕೆಸರಾಯಿತು. ಎರಡರ ನಡುವೆ ಹೊಲದಲ್ಲಿ ಇದ್ದ ದೂರ ಹತ್ತು ಹೆಜ್ಜೆ.

ಈಗ ಹೊಲ ಹೇಗಿದೆ?

ಹಿಂದಕ್ಕೆ ತಿರುಗಿಸಲು ಆಗಲಿಲ್ಲ. ತಳ ಸೇರಿದ ಮಣ್ಣನ್ನು ಮತ್ತೆ ಅಗೆದರೆ ಇನ್ನೊಂದು ಸಲ ಅದೇ ತಪ್ಪು. ಬೇಸಿಗೆಯಲ್ಲಿ ಊರ ಕೆರೆಯ ಹೂಳು ತಂದು ಮೊದಲ ಎರಡು ಮೆಟ್ಟಿಲಿನ ಹಳದಿ ಭಾಗಕ್ಕೆ ಹರಡಿದೆವು. ಕೆರೆಗೆ ಇಳಿಜಾರು ಹೊತ್ತೊಯ್ದ ಸಣ್ಣ ಕಣಗಳೇ ಅವು. ಒಂದು ವಾರ ಕುರಿ ತರುಬಿಸಿದೆವು. ಮುಂಗಾರಿನಲ್ಲಿ ಆ ಭಾಗಕ್ಕೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದೆವು. ಅದರ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತೆ, ಸೊಪ್ಪು ಉಳಿದ ಜೀವಿಗಳಿಗೆ ಊಟ. ಆ ಪಟ್ಟಿಗಳಿಂದ ಒಂದು ಇಡೀ ಹಂಗಾಮಿನ ಬೆಳೆ ಬರಲಿಲ್ಲ. ಅಪ್ಪ "ಇರ್ಲಿ ಬಿಡು, ಕಲತಂಗಾತು" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಹೋದಾಗ ಕಡೆಯ ಮೆಟ್ಟಿಲಿನ ಹಳದಿ ಹೆಚ್ಚುಕಮ್ಮಿ ಮಾಯವಾಗಿದೆ. ನಡುವಿನದರಲ್ಲಿ ಒಂದು ಸಲಿಕೆ ಮಣ್ಣು ಎತ್ತಿದಾಗ ಎರಡು ಎರೆಹುಳು ಸಿಕ್ಕವು. ಮೊದಲನೆಯದು ಇನ್ನೂ ಕೆಂಪಗೆ ಬೋಳಾಗಿದೆ. ಅದಕ್ಕೆ ವರ್ಷಗಳು ಬೇಕು.

ನೀವೂ ಕ್ಯಾಂಪಸ್‌ನಲ್ಲಿ ಹೊಸ ಕಟ್ಟಡದ ಪಾಯ ತೆಗೆಯುವುದು ಕಂಡರೆ ಒಂದು ನಿಮಿಷ ನಿಂತು ನೋಡಿ. ಮೇಲಿನ ಒಂದು ಗೇಣು ಕಪ್ಪು ಮಣ್ಣು ಎಲ್ಲಿ ಹೋಗುತ್ತಿದೆ? ಡೆಬ್ರಿ ಜೊತೆ ಲಾರಿ ಏರುತ್ತಿದ್ದರೆ, ಸೈಟ್ ಇಂಜಿನಿಯರ್ ಹತ್ತಿರ ಹೋಗಿ ಕೇಳಿ. ನಾಳೆ ಆ ಕುರ್ಚಿಯಲ್ಲಿ ಕೂರುವವರು ನಾವೇ. ಆಗ ಒಡ್ಡಿನ ಮೇಲೆ ಕೂತ ಯಾವುದಾದರೂ ಅಜ್ಜ ಮಾತಾಡಿದರೆ, ಮಶೀನು ಎರಡು ನಿಮಿಷ ನಿಲ್ಲಿಸಿ.